ಬಾವಿಗೆ ಪುಡಿ ಹಾಕುವ ಮೊದಲು

ಎಲ್ಲರಿಗೂ ನಮಸ್ಕಾರ. ನೆರೆ ಇಳಿದಾಗ, ಮನೆಮಂದಿಗೆಲ್ಲ ಒಟ್ಟಿಗೆ ವಾಂತಿಭೇದಿ ಹಿಡಿದಾಗ, ನನ್ನನ್ನು ಹುಡುಕಿಕೊಂಡು ಬರುವ ಪ್ರಶ್ನೆ ಒಂದೇ: ಬಾವಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಹಾಕಬೇಕು? ಉತ್ತರ ಕೊಡುತ್ತೇನೆ. ಆದರೆ ನಾನು ತಿರುಗಿ ಕೇಳುವುದೂ ಒಂದೇ: ಕೊಳಕು ಯಾವ ದಾರಿಯಿಂದ ಬಂತು?

1854ರ ಲಂಡನ್ ಕಾಲರಾ ನಿಮಗೆಲ್ಲ ಗೊತ್ತಿದೆ. ರೋಗ ಬ್ರಾಡ್ ಸ್ಟ್ರೀಟಿನ ಪಂಪಿನ ನೀರಿನಿಂದಲೇ ಹರಡುತ್ತಿದೆ ಎಂದು ವೈದ್ಯ ಜಾನ್ ಸ್ನೋ ಶಂಕಿಸಿದರು, ಸೆಪ್ಟೆಂಬರ್ 8ರಂದು ಅಧಿಕಾರಿಗಳು ಅದರ ಹಿಡಿ ಕಿತ್ತರು. ಕಥೆಯನ್ನು ಅಲ್ಲಿಗೇ ಮುಗಿಸುವವರು ಬಹಳ. ನನ್ನನ್ನು ಹಿಡಿದಿಟ್ಟದ್ದು ಆಮೇಲಿನದು. ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿಗೆ ಸ್ನೋ ಮಾತಿನಲ್ಲಿ ನಂಬಿಕೆಯಿರಲಿಲ್ಲ. ಅದು ಸುಳ್ಳೆಂದು ತೋರಿಸಲು ಮನೆಮನೆ ಅಲೆದರು. ಅಲೆದು ಅಲೆದು ತಾವೇ ಒಪ್ಪಿಕೊಂಡರು. 40ನೇ ನಂಬರಿನ ಮನೆಯಲ್ಲಿ ಒಂದು ಹಸುಗೂಸು ಭೇದಿಯಿಂದ ತೀರಿಕೊಂಡಿತ್ತು. ಅದರ ಬಟ್ಟೆ ತೊಳೆದ ನೀರನ್ನು ತಾಯಿ ಮನೆಯೆದುರಿನ ಮಲಗುಂಡಿಗೆ ಸುರಿದಿದ್ದಳು. ಪಂಪಿನ ಕೆಳಗಿನ ಬಾವಿಯನ್ನು ಒಳಗಿನಿಂದ ಪರೀಕ್ಷಿಸಿದವರಿಗೆ ಇಟ್ಟಿಗೆ ನೆಟ್ಟಗೇ ಕಂಡಿತ್ತು! 1855ರಲ್ಲಿ ಹೊರಗಿನಿಂದ ನೆಲ ಅಗೆದಾಗ, ಗುಂಡಿಗೂ ಬಾವಿಗೂ ನಡುವೆ ಮೂರಡಿಯೂ ಇರಲಿಲ್ಲ. ಗುಂಡಿಯ ಇಟ್ಟಿಗೆ ಶಿಥಿಲವಾಗಿತ್ತು, ನಡುವಿನ ಮಣ್ಣು ಕೆಸರಾಗಿತ್ತು.

ಆ ಬಾವಿಗೆ ಮೂಟೆಗಟ್ಟಲೆ ಪುಡಿ ಸುರಿದಿದ್ದರೂ ನಾಳೆ ಮತ್ತೆ ಅದೇ ನೀರು ತಾನೇ?

ಆದ್ದರಿಂದ ಮೊದಲು ನೋಡಿ. ಬಿಸಿಲಿರುವಾಗ ಕನ್ನಡಿ ಹಿಡಿದು ಬೆಳಕನ್ನು ಬಾವಿಯೊಳಗೆ ಬಿಡಿ. ನೀರಿನ ಮಟ್ಟಕ್ಕಿಂತ ಮೇಲೆ, ಗೋಡೆಯ ಒಂದೇ ಜಾಗದಲ್ಲಿ ಒದ್ದೆ ಪಟ್ಟೆ ಇಳಿದಿದೆಯೇ? ಕಲ್ಲಿನ ಸಂದಿಯಿಂದ ಬೇರು ಇಣುಕಿದೆಯೇ? ಬಾವಿಕಟ್ಟೆಯ ಬುಡ ಬಿರಿದಿದ್ದರೆ ಪಾತ್ರೆ ತೊಳೆದ ನೀರು ಸುತ್ತಿ ಬಂದು ಅಲ್ಲಿಂದಲೇ ಒಳಗಿಳಿಯುತ್ತದೆ. ಹಗ್ಗವನ್ನೂ ನೋಡಿ. ನೆಲದ ಮೇಲೆ ಬಿದ್ದು ಕಾಲಡಿ ಹೊರಳಿದ ಹಗ್ಗವೇ ದಿನಕ್ಕೆ ಇಪ್ಪತ್ತು ಸಲ ನೀರಿಗೆ ಮುಳುಗುತ್ತದೆ. ಶೌಚಗುಂಡಿ ಕನಿಷ್ಠ 15 ಮೀಟರ್ ದೂರವಿರಬೇಕು; ಮಣ್ಣು ಸಡಿಲವಾಗಿದ್ದರೆ ಇನ್ನೂ ದೂರ.

ಬಿರುಕು ಮುಚ್ಚಿ, ಹೂಳು ತೆಗೆದಾಯಿತು ಎಂದುಕೊಳ್ಳೋಣ. ಹೂಳು ಉಳಿದರೆ, ರೋಗಾಣು ಕೊಲ್ಲಬೇಕಾದ ಪುಡಿಯೊಳಗಿನ ಕ್ಲೋರಿನ್ ಅದರ ಮೇಲೇ ಖರ್ಚಾಗುತ್ತದೆ. ಇನ್ನು ಪ್ರಮಾಣ. ಈ ಹಗ್ಗ ನೋಡಿ, ತುದಿಯಲ್ಲಿ ಕಲ್ಲು, ಅರ್ಧ ಮೀಟರಿಗೊಂದು ಗಂಟು. ಬಾವಿಯ ಅಗಲ 2 ಮೀಟರ್, ನೀರಿನ ಆಳ 3 ಮೀಟರ್ ಇದ್ದರೆ ಒಳಗಿರುವುದು ಸುಮಾರು 9,400 ಲೀಟರ್. ದಿನಬಳಕೆಯ ಶುದ್ಧೀಕರಣಕ್ಕೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪುಡಿ, ಅಂದರೆ ಈ ಬಾವಿಗೆ 24 ಗ್ರಾಂ. ಕೊಳಕು ಸೇರಿದ ಬಾವಿಯನ್ನೇ ತೊಳೆಯಬೇಕಾದರೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕು. ಹೊಸ ಪುಡಿಯಲ್ಲಿ ಮೂರನೇ ಒಂದು ಭಾಗ ಮಾತ್ರ ಕ್ಲೋರಿನ್ ಇರುವುದರಿಂದ ಪುಡಿಯ ತೂಕ ಒಂದೂವರೆ ಕಿಲೋ ಹತ್ತಿರ! ಒಂದು ಮುಷ್ಟಿ ಎನ್ನುವ ಲೆಕ್ಕ ಎರಡಕ್ಕೂ ಹೊಂದುವುದಿಲ್ಲ.

ಪುಡಿಯನ್ನು ನೇರವಾಗಿ ಎರಚಬೇಡಿ. ಬಕೆಟ್ಟಿಗೆ 100 ಗ್ರಾಮಿನಂತೆ ಮೊದಲು ಗಂಟಿಲ್ಲದ ಹಾಗೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು, ಬಕೆಟ್ಟನ್ನು ಮೇಲೆ ಕೆಳಗೆ ಆಡಿಸಿ ಕದಡಿ. ಒಳಗೋಡೆಗೂ ಅದೇ ನೀರು ಹಾಯಿಸಿ. ರಾತ್ರಿಯಿಡೀ ಬಿಟ್ಟು, ಮರುದಿನ ವಾಸನೆ ಹೋಗುವವರೆಗೆ ನೀರೆತ್ತಿ ಹೊರಚೆಲ್ಲಿ. ಮೀನಿರುವ ಕೆರೆಗೆ ಮಾತ್ರ ಬೇಡ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಪುಡಿಗೆ ಆಸಿಡ್ ಸೋಕಿಸಬೇಡಿ, ವಿಷಾನಿಲ ಏಳುತ್ತದೆ. ಪಂಪಿನ ಎಂಜಿನ್ನನ್ನು ಬಾವಿಯೊಳಗೆ ಇಳಿಸಿ ಓಡಿಸಬೇಡಿ, ಹೊಗೆಯಿಂದ ಜೀವ ಹೋಗುತ್ತದೆ. ಗೊಬ್ಬರ, ಮಲಗುಂಡಿಗಳಿಂದ ನೀರಿಗಿಳಿದು ಎಳೆಗೂಸಿಗೆ ಅಪಾಯ ತರುವ ನೈಟ್ರೇಟ್ ಎಂಬ ಲವಣ ಕ್ಲೋರಿನ್ನಿಗೆ ಹೋಗುವುದಿಲ್ಲ, ಕುದಿಸಿದರೆ ಇನ್ನೂ ಸಾಂದ್ರವಾಗುತ್ತದೆ. ಎಳೆಗೂಸಿರುವ ಮನೆಯವರು ಅದನ್ನು ಬೇರೆಯಾಗಿ ಪರೀಕ್ಷಿಸಿಕೊಳ್ಳಿ. ಒಂದು ವಾರ ಬಿಟ್ಟು ರೋಗಾಣು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕುದಿಸಿಯೇ ಕುಡಿಯಿರಿ. ಪರೀಕ್ಷೆಯಲ್ಲಿ ಮತ್ತೆ ರೋಗಾಣು ಸಿಕ್ಕರೆ ಪುಡಿಯ ಡಬ್ಬ ಮುಟ್ಟಬೇಡಿ, ಕನ್ನಡಿ ಹಿಡಿದು ಬಾವಿಗೆ ಹೋಗಿ.

ಹಗ್ಗ ಇಲ್ಲೇ ಮೇಜಿನ ಮೇಲಿರುತ್ತದೆ. ಅಳತೆ ಕಲಿಯಬೇಕೆನ್ನುವವರು ಬನ್ನಿ.