ಮೂವತ್ತು ಪ್ರತಿ ಸಾಕು

ಕೇಳುಗರೆಲ್ಲರಿಗೂ ನಮಸ್ಕಾರ.

ಹಾಸನ, ಚಿಕ್ಕಮಗಳೂರು ಕಡೆ ಬರೆಯುವವರಿಗೆ ಬರವಿಲ್ಲ. ಕವಿಗೋಷ್ಠಿಗೆ ಹೋದರೆ ಎಷ್ಟೋ ಸಲ ಕೆಳಗೆ ಕೂತವರಿಗಿಂತ ವೇದಿಕೆ ಮೇಲಿರುವವರೇ ಜಾಸ್ತಿ. ಅವರಲ್ಲಿ ಅನೇಕರ ಮನೆಯ ಅಟ್ಟದಲ್ಲಿ ಒಂದೆರಡು ರಟ್ಟಿನ ಪೆಟ್ಟಿಗೆ ಇರುತ್ತವೆ. ಒಳಗೆ ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದ ಪುಸ್ತಕ. ಬಿಡುಗಡೆಯ ದಿನ ಒಂದಷ್ಟು ಹಂಚಿದ್ದಾಯಿತು, ನೆಂಟರಿಗೆ ಒಂದಷ್ಟು ಕೊಟ್ಟಿದ್ದಾಯಿತು. ಉಳಿದದ್ದು ಮಲೆನಾಡಿನ ಮಳೆಗೆ ಬೂಷ್ಟು ಹಿಡಿಯುತ್ತಾ ಕೂತಿರುತ್ತದೆ.

ಅಷ್ಟೊಂದು ಯಾಕೆ ಹಾಕಿಸುತ್ತೇವೆ? ಆಫ್‌ಸೆಟ್ ಮುದ್ರಣಕ್ಕೆ ಮೊದಲು ಪ್ಲೇಟ್ ಮಾಡಬೇಕು, ಯಂತ್ರಕ್ಕೆ ಕೂರಿಸಬೇಕು, ಶಾಯಿ ಹದಕ್ಕೆ ತರಬೇಕು. ಆ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಅದಕ್ಕೇ ಪ್ರೆಸ್ಸಿನವರು "ಇನ್ನು ಸ್ವಲ್ಪ ಸೇರಿಸಿ ಸಾರ್, ಸಾವಿರಾನೇ ಹೊಡೆಸಿಬಿಡಿ" ಅನ್ನುವುದು. ಅವರ ಲೆಕ್ಕ ಸರಿಯಾಗಿಯೇ ಇದೆ. ಓದುಗರ ಲೆಕ್ಕ ಹಾಕಬೇಕಾದವರು ನಾವು, ಅಲ್ವಾ?

ನನ್ನ ಮಾತು ಇಷ್ಟೇ. ಮೊದಲಿಗೆ ಮೂವತ್ತು ಪ್ರತಿ ಮಾಡಿ. ಮನೆಯಲ್ಲೇ ಮಡಚಿ, ಹೊಲಿದು ಮಾಡಿ. ಖಾಲಿಯಾದರೆ ಮತ್ತೆ ಹತ್ತು.

ಇದಕ್ಕೆ ಯಂತ್ರ ಬೇಡ. ಒಂದು ಎ4 ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಪುಟ. ಹತ್ತು ಹಾಳೆಗೆ 40 ಪುಟ. ಅದಕ್ಕಿಂತ ಹೆಚ್ಚಾದರೆ ಒಂದೇ ಮಡಿಕೆಯಲ್ಲಿ ಪುಸ್ತಕ ಉಬ್ಬುತ್ತದೆ, ಒಳಗಿನ ಹಾಳೆಗಳು ಹೊರಗೆ ಇಣುಕುತ್ತವೆ. ಪುಟಗಳನ್ನು ಹಿಂದೆ ಮುಂದೆ ಜೋಡಿಸುವ ತಲೆನೋವು ಬೇಡ, ಪ್ರಿಂಟ್ ಕೊಡುವಾಗ ಬುಕ್‌ಲೆಟ್ ಅಂತ ಒಂದು ಆಯ್ಕೆ ಇರುತ್ತದೆ. ಜೆರಾಕ್ಸ್ ಅಂಗಡಿಗೆ ಮಾತ್ರ ಪಿಡಿಎಫ್ ಮಾಡಿಕೊಂಡೇ ಹೋಗಿ. ನೀವು ಟೈಪ್ ಮಾಡಿದ ಫಾಂಟ್ ಅವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಸಾಲುಗಳ ನಡುವೆ ಜಾಗ ಧಾರಾಳವಾಗಿ ಬಿಡಿ. ನಮ್ಮ ಲಿಪಿಯಲ್ಲಿ ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಮೊದಲು ಒಂದೇ ಒಂದು ಪ್ರತಿ ತೆಗೆಸಿ, ಹಿಂದಿನ ಮಗ್ಗುಲು ತಲೆಕೆಳಗಾಗಿದೆಯಾ ನೋಡಿಕೊಳ್ಳಿ.

ಇನ್ನು ಹೊಲಿಗೆ. ಮಡಿಕೆಯ ಗೆರೆಯ ಮೇಲೆ ಮೂರು ತೂತು: ನಡುವೆ ಒಂದು, ಮೇಲೆ ಒಂದು, ಕೆಳಗೆ ಒಂದು. ಕಾಫಿ ಮೂಟೆ ಹೊಲಿಯುವ ದಬ್ಬಳ ಮನೆಯಲ್ಲಿದ್ದರೆ ಅದರ ತುದಿಯಷ್ಟೇ ಚುಚ್ಚಿ. ಪೂರ್ತಿ ತೂರಿಸಿದರೆ ತೂತು ದೊಡ್ಡದಾಗುತ್ತದೆ. ದಾರವನ್ನು ಮೇಣದಬತ್ತಿಗೆ ಒಮ್ಮೆ ಉಜ್ಜಿಕೊಳ್ಳಿ, ಸಿಕ್ಕು ಬೀಳುವುದಿಲ್ಲ. ಪುಸ್ತಕವನ್ನು ತೆರೆದಿಟ್ಟುಕೊಂಡು ಒಳಗಿನಿಂದ ನಡುವಿನ ತೂತಿಗೆ ಸೂಜಿ ಹಾಕಿ ಹೊರಗೆ ಎಳೆಯಿರಿ, ಬಾಲ ಸ್ವಲ್ಪ ಒಳಗೇ ಇರಲಿ. ಹೊರಗಿನಿಂದ ಮೇಲಿನ ತೂತಿನಲ್ಲಿ ಒಳಗೆ ಬನ್ನಿ. ನಡುವಿನದನ್ನು ಬಿಟ್ಟು ನೇರ ಕೆಳಗಿನ ತೂತಿಗೆ ಹೋಗಿ ಹೊರಗೆ ತೆಗೆಯಿರಿ. ಮತ್ತೆ ನಡುವಿನ ತೂತಿನಿಂದ ಒಳಗೆ. ಈಗ ಒಳಗೆ ಒಂದು ಉದ್ದ ದಾರ ಓಡಿರುತ್ತದೆ. ಅದರ ಆ ಕಡೆ ಒಂದು ತುದಿ, ಈ ಕಡೆ ಒಂದು ತುದಿ ಬರುವಂತೆ ಮಾಡಿ ಗಂಟು ಹಾಕಿ. ಮುಗಿಯಿತು. ಕೇಳುವಾಗ ಗೋಜಲು ಅನ್ನಿಸುತ್ತದೆ, ಕೈಗೆ ಒಮ್ಮೆ ಬಂತೆಂದರೆ ಸೀರಿಯಲ್ ನೋಡುತ್ತಲೇ ಹೊಲಿಯಬಹುದು.

ಗಟ್ಟಿ ರಟ್ಟು ಹಾಕುವುದಾದರೆ ಅಂಟು ಬೇಕು. ಮೈದಾ ಕಾಯಿಸಿ ಮಾಡಿದ ಅಂಟೇ ಒಳ್ಳೆಯದು. ಹುಳ ಬರದ ಹಾಗೆ ಬೈಂಡಿಂಗಿನವರು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಹೌದು, ತೋಟದಲ್ಲಿ ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಬೆರೆಸುತ್ತೀರಲ್ಲ, ಅದೇ ನೀಲಿ ಹರಳು. ವಿಷ ಅದು, ಅಂಟಿನ ಪಾತ್ರೆ ಬೇರೆಯೇ ಇರಲಿ, ಮಕ್ಕಳ ಕೈಗೆ ಸಿಗದಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ ಕಡೆಯವರು ಅಂಟಿನ ಕೆಲಸಕ್ಕೆ ಕೈ ಹಾಕದಿರುವುದೇ ವಾಸಿ. ಒಣಗುವುದೇ ಇಲ್ಲ, ರಟ್ಟು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಮಳೆಗಾಲದಲ್ಲಿ ಹೊಲಿಗೆ, ಬೇಸಿಗೆಯಲ್ಲಿ ಅಂಟು.

ಸೂಜಿಯೂ ಬೇಡ ಅನ್ನುವವರಿಗೆ ಚಿಕ್ಕಮಗಳೂರು ಜಿಲ್ಲೆಯಲ್ಲೇ ಹಳೆಯ ಮಾದರಿ ಇದೆ. ಶೃಂಗೇರಿ ಮಠದ ಕಡತಗಳು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಆ ಕಡೆ ಒಂದು ಈ ಕಡೆ ಒಂದು ಮಡಿಕೆ ಹಾಕಿ, ಬಳಪದಲ್ಲಿ ಬರೆಯುತ್ತಿದ್ದರು. ಮಠದ ಲೆಕ್ಕಪತ್ರವೆಲ್ಲ ಅದರಲ್ಲೇ. ಉದ್ದನೆಯ ಕಾಗದವನ್ನು ಹಾಗೇ ಮಡಚಿದರೆ ಒಂದು ನೀಳ್ಗವಿತೆಗೆ ಅದಕ್ಕಿಂತ ಚಂದದ ಪುಸ್ತಕ ಬೇರೆ ಬೇಡ. ಎಳೆದರೆ ಇಡೀ ಕವಿತೆ ಮೇಜಿನ ಮೇಲೆ ಹರಡಿಕೊಳ್ಳುತ್ತದೆ.

ದುಡ್ಡಿನ ವಿಷಯಕ್ಕೆ ಬರೋಣ. ಹತ್ತು ಹಾಳೆಗೆ ಇಪ್ಪತ್ತು ಮಗ್ಗುಲು. ಮಗ್ಗುಲಿಗೆ ಎರಡು ರೂಪಾಯಿ ಅಂದರೂ 40 ರೂಪಾಯಿ. ರಕ್ಷಾಪುಟ, ದಾರ ಸೇರಿ 50 ಅನ್ನಿ. ನೂರು ರೂಪಾಯಿಗೆ ಮಾರಿ. ಸಂಕೋಚ ಬೇಡ, ನಿಮ್ಮ ಕೈಕೆಲಸಕ್ಕೂ ಕೂಲಿ ಇದೆ. ಸುಮ್ನೆ ಹಂಚುವ ಚಾಳಿಯನ್ನು ಮಾತ್ರ ಬಿಡಿ. ಪುಕ್ಕಟೆ ಬಂದ ಪುಸ್ತಕವನ್ನು ಓದುವವರು ಕಡಿಮೆ. ಇದನ್ನು ನಾನು ಓದುಗನಾಗಿಯೂ ಹೇಳುತ್ತಿದ್ದೇನೆ.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಬೇಕೇ ಬೇಕು ಅಂತಿಲ್ಲ. ಬೇಕಿದ್ದರೆ ದೆಹಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಸಂಸ್ಥೆ ಪುಕ್ಕಟೆ ಕೊಡುತ್ತದೆ, ಲೇಖಕರು ತಾವೇ ಅರ್ಜಿ ಹಾಕಬಹುದು. ಮಧ್ಯವರ್ತಿಗಳಿಗೆ ಸಾವಿರಗಟ್ಟಲೆ ತೆರಬೇಡಿ. ಹಕ್ಕುಸ್ವಾಮ್ಯವಂತೂ ಬರೆದ ಕ್ಷಣದಿಂದಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಆದರೆ 1954ರ ಕಾಯ್ದೆ ಒಂದಿದೆ. ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು, ಇನ್ನು ಮೂರು ಗ್ರಂಥಾಲಯಗಳಿಗೆ ಒಂದೊಂದು ಪ್ರತಿಯನ್ನು ಪ್ರಕಾಶಕರು ಸ್ವಂತ ಖರ್ಚಿನಲ್ಲಿ ಕಳಿಸಬೇಕು. ಮೂವತ್ತರಲ್ಲಿ ನಾಲ್ಕು ಹೋಯಿತು ಅಂತ ಹೊಟ್ಟೆ ಉರಿಯುತ್ತದೆ ನಿಜ. ಆದರೆ ಆ ನಾಲ್ಕಕ್ಕೆ ಬೂಷ್ಟಿನ ಭಯ ಕಡಿಮೆ.

ಅಂಚೆಯಲ್ಲಿ ಪುಸ್ತಕ ಕಳಿಸಲು 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅನ್ನುವ ಸೇವೆ ಬಂದಿದೆ. ಶುರುವಿನ ದರ 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. 80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ ಇರುವ ಕಾಗದದ ಎ4 ಹಾಳೆ ಒಂದು ಐದು ಗ್ರಾಂ ತೂಗುತ್ತದೆ. ಹಾಗಾಗಿ ದಪ್ಪ ರಕ್ಷಾಪುಟ ಸೇರಿದರೂ ಒಂದು ಪುಸ್ತಕ 65, 70 ಗ್ರಾಂ ದಾಟುವುದಿಲ್ಲ. ಮೂರು ನಾಲ್ಕನ್ನು ಒಟ್ಟಿಗೇ ಕಳಿಸಬಹುದು. ಪುಸ್ತಕದಲ್ಲಿ ಮುದ್ರಕರದ್ದೋ ಪ್ರಕಾಶಕರದ್ದೋ ಹೆಸರು ಇರಬೇಕು. ಪ್ರಕಾಶಕರು ನೀವೇ ಅಲ್ವಾ, ನಿಮ್ಮ ಹೆಸರೇ ಹಾಕಿ.

ಕೆಲವರು ಕೊನೆಯ ಪುಟದಲ್ಲಿ "ಮೂವತ್ತರಲ್ಲಿ ಇದು ಹನ್ನೆರಡನೆಯದು" ಅಂತ ಬರೆಯುತ್ತಾರೆ. ನೋಡಲು ಗತ್ತು. ನಾನು ಬರೆಯುವುದಿಲ್ಲ. ಮೂವತ್ತೊಂದನೆಯವರು ಬಂದು ಕೇಳಿದರೆ ಕೂತು ಹೊಲಿದು ಕೊಡುತ್ತೇನೆ.

ನಮಸ್ಕಾರ.