ಹೊಸ ಗೆರೆ, ಹಳೆಯ ದನಿ

ಕೇಳುಗರಿಗೆ ನಮಸ್ಕಾರ.

2018ರ ಮೇ ತಿಂಗಳಲ್ಲಿ ಅಮೆರಿಕದ ಕಾರ್ಟೂನ್ ನೆಟ್‌ವರ್ಕ್ ವಾಹಿನಿಗಾಗಿ ‘ಥಂಡರ್‌ಕ್ಯಾಟ್ಸ್ ರೋರ್’ ಎಂಬ ಹೊಸ ಸರಣಿ ಸಿದ್ಧವಾಗುತ್ತಿದೆ ಎಂಬ ಸುದ್ದಿಯೂ ಅದರ ಕೆಲವು ಚಿತ್ರಗಳೂ ಹೊರಬಂದವು. ಅದರ ಮೂಲವಾದ 1985ರ ಕಾರ್ಟೂನ್ ಸರಣಿ ‘ಥಂಡರ್‌ಕ್ಯಾಟ್ಸ್’ನಲ್ಲಿ ಹುರಿಗಟ್ಟಿದ ಮೈಯ, ಗಂಭೀರ ಮುಖದ ವೀರನಾಗಿದ್ದ ಲಯನ್-ಓ ಈ ಚಿತ್ರಗಳಲ್ಲಿ ದುಂಡುಮುಖದ ತುಂಟ ಹುಡುಗನಾಗಿದ್ದ. ಒಂದು ಕಂತೂ ಪ್ರಸಾರವಾಗಿರಲಿಲ್ಲ. ಆದರೂ ನಲವತ್ತರ ಆಸುಪಾಸಿನ ಅಭಿಮಾನಿಗಳು ನಮ್ಮ ಬಾಲ್ಯವನ್ನೇ ಹಾಳುಮಾಡಿದಿರಿ ಎಂದು ಸಿಡಿದೆದ್ದರು. ಸರಣಿ 2020ರ ಫೆಬ್ರವರಿಯಲ್ಲಿ ಆರಂಭವಾಗಿ, 52 ಕಂತುಗಳನ್ನು ಮುಗಿಸಿ, ಅದೇ ವರ್ಷದ ಕೊನೆಗೆ ನಿಂತುಹೋಯಿತು.

ಈ ಸಿಟ್ಟನ್ನು ಹುಡುಗಾಟವೆಂದು ತಳ್ಳಿಹಾಕಲು ನಾನು ಸಿದ್ಧಳಿಲ್ಲ. ಅದಕ್ಕೆ ಹಿಂದಿನದೊಂದು ನೋವಿತ್ತು. 2011ರಲ್ಲಿ ಇದೇ ಕಥೆಯನ್ನು ಗಂಭೀರವಾಗಿ, ಶ್ರದ್ಧೆಯಿಂದ ಮತ್ತೊಮ್ಮೆ ಕಟ್ಟಲು ಹೊರಟವರು ಇದ್ದರು; ಆ ಸರಣಿ 26 ಕಂತುಗಳಿಗೆ ನಿಂತು, ಕಥೆ ಅರ್ಧಕ್ಕೇ ಉಳಿಯಿತು. ಮುಂದಿನ ಭಾಗ ಬಂದೀತೆಂದು ವರ್ಷಗಟ್ಟಲೆ ಕಾದವರ ಕೈಗೆ ಕೊನೆಗೆ ಬಂದದ್ದು ಹಾಸ್ಯದ ಸರಣಿ. ಹಸಿದು ಕುಳಿತವನ ಎಲೆಗೆ ಉಪ್ಪಿನಕಾಯಿಯನ್ನಷ್ಟೇ ಬಡಿಸಿದರೆ ಅವನು ಉಪ್ಪಿನಕಾಯಿಯ ರುಚಿಯನ್ನು ಹೊಗಳುವುದಿಲ್ಲ. ಆದರೆ ಸಿಟ್ಟಿನ ಭರದಲ್ಲಿ ಅಭಿಮಾನಿಗಳು ಒಂದನ್ನು ಮರೆತರು. ಮೂಲ ಕಥೆಯಲ್ಲೇ ಲಯನ್-ಓ ಒಬ್ಬ ಬಾಲಕ. ದೀರ್ಘ ಅಂತರಿಕ್ಷ ಪ್ರಯಾಣದ ನಿದ್ದೆಯಲ್ಲಿ ಅವನ ದೇಹ ಬೆಳೆಯುತ್ತದೆ, ಮನಸ್ಸು ಬೆಳೆಯುವುದಿಲ್ಲ. ಹೊಸಬರು ಚಿತ್ರಿಸಿದ ಹುಡುಗುತನ ಅವರ ಕಟ್ಟುಕಥೆಯೇನೂ ಆಗಿರಲಿಲ್ಲ.

2018ರ ಜುಲೈಯಲ್ಲಿ ‘ಶೀ-ರಾ’ ಎಂಬ ಇನ್ನೊಂದು ಹಳೆಯ ಕಾರ್ಟೂನಿನ ಹೊಸ ರೂಪ ಪ್ರಕಟವಾದಾಗ ಎದ್ದ ಗದ್ದಲವನ್ನು ಮಾತ್ರ ನಾನು ಒಪ್ಪಲಾರೆ. 1985ರ ನಾಯಕಿಗೆ ಪ್ರಾಯದ ಹೆಂಗಸಿನ ಮೈಕಟ್ಟಿತ್ತು, ಎನ್.ಡಿ. ಸ್ಟೀವನ್‌ಸನ್ ರೂಪಿಸಿದ ಹೊಸ ನಾಯಕಿ ಹದಿಹರೆಯದ ಹುಡುಗಿ. ಆಕೆಯಲ್ಲಿ ಹೆಣ್ತನದ ಚೆಲುವಿಲ್ಲ ಎಂದು ದೂರಿದವರಲ್ಲಿ ಬೆಳೆದ ಗಂಡಸರು ಬಹಳ ಮಂದಿ ಇದ್ದರು. ಮಕ್ಕಳಿಗೆಂದು ಬರೆದ ಚಿತ್ರದಲ್ಲಿ ಅವರು ಹುಡುಕಿದ್ದೇನು ಎಂದು ಯೋಚಿಸಿದರೆ ನನಗೆ ಬೇಸರವಾಗುತ್ತದೆ. ಆ ಸರಣಿ 2020ರವರೆಗೆ 52 ಕಂತುಗಳಲ್ಲಿ ನಡೆದು, ತನ್ನ ಕಥೆಯನ್ನು ತಾನಂದುಕೊಂಡಂತೆ ಮುಗಿಸಿತು ಎಂಬುದು ಸಂತೋಷದ ಸಂಗತಿ.

ಹಳೆಯದೆಲ್ಲ ಚಿನ್ನವಾಗಿರಲಿಲ್ಲ. ಒಂದು ರಜೆಯಲ್ಲಿ ತಂಗಿಯ ಮಗಳಿಗೆ 1983ರ ‘ಹೀ-ಮ್ಯಾನ್’ ತೋರಿಸಲು ಬಹಳ ಆಸೆಯಿಂದ ಕುಳಿತೆ. ಮೂರನೆಯ ಕಂತಿನ ಹೊತ್ತಿಗೆ ಅವಳು, “ದೊಡ್ಡಮ್ಮ, ಇವನು ಪ್ರತಿ ಸಲ ಹೀಗೇ ಯಾಕೆ ಓಡ್ತಾನೆ?” ಎಂದು ಕೇಳಿದಳು. ನಾನು ಅದನ್ನು ಎಂದೂ ಗಮನಿಸಿರಲಿಲ್ಲ. ಅದನ್ನು ತಯಾರಿಸಿದ ಫಿಲ್ಮೇಶನ್ ಸಂಸ್ಥೆ ಖರ್ಚು ಉಳಿಸಲು ಓಡುವುದು, ಜಿಗಿಯುವುದು, ಕತ್ತಿ ಎತ್ತುವುದು ಮುಂತಾದ ಚಲನೆಗಳನ್ನು ಒಮ್ಮೆ ಬರೆದಿಟ್ಟುಕೊಂಡು, ಹಿನ್ನೆಲೆಯನ್ನಷ್ಟೇ ಬದಲಿಸಿ ಕಂತಿನಿಂದ ಕಂತಿಗೆ ಬಳಸುತ್ತಿತ್ತು. ಆ ವೀರನಾದರೂ ಮೊದಲು ಹುಟ್ಟಿದ್ದು 1982ರಲ್ಲಿ, ಮ್ಯಾಟೆಲ್ ಕಂಪನಿಯ ಆಟಿಕೆಯಾಗಿ. ಕಾರ್ಟೂನು ಬಂದದ್ದು ಮರುವರ್ಷ. 1984ರಲ್ಲಿ ಅಮೆರಿಕ ಸರ್ಕಾರವು ಮಕ್ಕಳ ಕಾರ್ಯಕ್ರಮಗಳಲ್ಲಿನ ಜಾಹೀರಾತಿನ ಮಿತಿಯನ್ನು ತೆಗೆದುಹಾಕಿದ ಮೇಲೆ ಆಟಿಕೆ ಮಾರುವ ಇಂಥ ಸರಣಿಗಳು ಸಾಲುಸಾಲಾಗಿ ಬಂದವು. 1990ರ ಕಾನೂನು ಮತ್ತೆ ಮಿತಿ ಹೇರುವವರೆಗೆ ಆ ಸುಗ್ಗಿ ನಡೆಯಿತು. ಹಾಗಾಗಿ ಇಂದಿನ ಮರುನಿರ್ಮಾಣಗಳು ಬರೀ ದುಡ್ಡಿನಾಸೆಯವು ಎಂದು ದೂರುವಾಗ ಅಂದಿನ ಲೆಕ್ಕವನ್ನೂ ನೆನೆಯಬೇಕಾಗುತ್ತದೆ.

ಗೆರೆ ಬದಲಾಗಲಿ, ಬಣ್ಣ ಬದಲಾಗಲಿ, ನನ್ನ ತಕರಾರಿಲ್ಲ. ನನಗೆ ಮುಖ್ಯವಾದದ್ದು ದನಿ. ಬಾನುಲಿ ಕೇಳುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಖವನ್ನೇ ನೋಡದ ಎಷ್ಟೋ ಮಂದಿ ಬರೀ ದನಿಯಿಂದ ನಿಮ್ಮ ಮನೆಯವರಾಗಿದ್ದಾರೆ. ಡೊನಾಲ್ಡ್ ಬಾತುಕೋಳಿಗೆ 1934ರಿಂದ ದನಿಯಾಗಿದ್ದವರು ಕ್ಲಾರೆನ್ಸ್ ನ್ಯಾಶ್. ಅವರು ತಮ್ಮ ಕಡೆಗಾಲದಲ್ಲಿ ಡಿಸ್ನಿ ಸಂಸ್ಥೆಯ ಕಲಾವಿದ ಟೋನಿ ಆನ್ಸೆಲ್ಮೊ ಅವರಿಗೆ ಆ ಕಂಠದ ಗುಟ್ಟನ್ನು ತಾವೇ ಕಲಿಸಿ, 1985ರಲ್ಲಿ ತೀರಿಕೊಂಡರು. 1987ರ ‘ಡಕ್‌ಟೇಲ್ಸ್’ ಕಾರ್ಟೂನ್ ಸರಣಿಯಲ್ಲಿ ಡೊನಾಲ್ಡನಾಗಿ ಮಾತಾಡಿದವರು ಆನ್ಸೆಲ್ಮೊ, 30 ವರ್ಷಗಳ ಬಳಿಕ, 2017ರಲ್ಲಿ ಹೊಸ ‘ಡಕ್‌ಟೇಲ್ಸ್’ ಬಂದಾಗ ಮಾತಾಡಿದವರೂ ಅವರೇ. ಹಳೆಯ ಸರಣಿಯಲ್ಲಿ ಡೊನಾಲ್ಡನ ಸಿರಿವಂತ ಮಾವ ಸ್ಕ್ರೂಜ್‌ನ ದನಿಯಾಗಿದ್ದ ಆಲನ್ ಯಂಗ್ 2016ರಲ್ಲಿ ನಿಧನರಾಗಿದ್ದರು; ಹೊಸದರಲ್ಲಿ ಆ ಪಾತ್ರ ಡೇವಿಡ್ ಟೆನಂಟ್ ಅವರ ಪಾಲಿಗೆ ಬಂದಿತು. ಹೊಸ ‘ಡಕ್‌ಟೇಲ್ಸ್’ ಗೆರೆಯನ್ನು ಪೂರ್ತಿ ಬದಲಿಸಿಯೂ ಹಳೆಯ ಅಭಿಮಾನಿಗಳ ಮೆಚ್ಚುಗೆ ಪಡೆಯಿತು. ಅದಕ್ಕೆ ಈ ಗುರುಶಿಷ್ಯ ಪರಂಪರೆಯೂ ಒಂದು ಕಾರಣವೆಂದು ನಾನು ನಂಬುತ್ತೇನೆ. ತೊಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಹಳೆಯ ಸರಣಿಯನ್ನು ಹಿಂದಿಯಲ್ಲಿ ನೋಡಿದ ನಮ್ಮಂಥವರಿಗೆ ಅಮೆರಿಕದ ಮೂಲ ದನಿಯೇ ಹೊಸದು. ಅದನ್ನು ಮೊದಲ ಸಲ ಕೇಳಿದಾಗ, ಬಲ್ಲ ಮನೆಯ ಬಾಗಿಲನ್ನು ಅಪರಿಚಿತರು ತೆರೆದಂತಾಗಿತ್ತು.

‘ಪವರ್‌ಪಫ್ ಗರ್ಲ್ಸ್’ ಎಂಬ ಕಾರ್ಟೂನ್ ಸರಣಿಯ ವಿಷಯದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. 1998ರಿಂದ ಅದರ ಮೂವರು ಪುಟಾಣಿ ನಾಯಕಿಯರಿಗೆ ದನಿ ಕೊಟ್ಟಿದ್ದ ಕ್ಯಾಥಿ ಕ್ಯಾವಡೀನಿ, ಟಾರಾ ಸ್ಟ್ರಾಂಗ್, ಇ.ಜಿ. ಡೇಲಿ ಮೂವರೂ ಕೆಲಸದಲ್ಲಿ ಸಕ್ರಿಯರಾಗಿದ್ದಾಗಲೇ 2016ರ ಮರುನಿರ್ಮಾಣದಲ್ಲಿ ಅವರ ಸ್ಥಾನಕ್ಕೆ ಬೇರೆಯವರನ್ನು ತರಲಾಯಿತು. ತಮಗಾದ ನೋವನ್ನು ಸ್ಟ್ರಾಂಗ್ ಬಹಿರಂಗವಾಗಿಯೇ ಹೇಳಿಕೊಂಡರು. ಅಲ್ಲಿ ಅಭಿಮಾನಿಗಳು ಸಿಟ್ಟಾದದ್ದು ನ್ಯಾಯವೇ ಆಗಿತ್ತು, ನಾನೂ ಅವರ ಜೊತೆಗಿದ್ದೇನೆ. ಸರಣಿಯನ್ನು ಹುಟ್ಟುಹಾಕಿದ ಕ್ರೇಗ್ ಮೆಕ್‌ಕ್ರ್ಯಾಕನ್ ಅವರೇ ಅದನ್ನು ಮತ್ತೊಮ್ಮೆ ಹೊಸದಾಗಿ ರೂಪಿಸಲಿದ್ದಾರೆಂದು 2022ರಲ್ಲಿ ಪ್ರಕಟವಾಯಿತು. ಆ ಸರಣಿ ಯಾವ ಗೆರೆಯಲ್ಲಾದರೂ ಬರಲಿ, ಆ ಮೂವರು ನಟಿಯರನ್ನು ಮಾತ್ರ ಮತ್ತೆ ಮೈಕಿನ ಮುಂದಕ್ಕೆ ಕರೆಯಲಿ.

ನಮಸ್ಕಾರ.