ಇಟ್ಟ ಕೋಳಿಯೇ ಕುಕ್ಕಿದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಂಗೇರಿಯ ನಮ್ಮ ಮನೆಗೆ ಅಂಗೈಯಗಲದ ಹಿತ್ತಿಲಿದೆ. ಅಲ್ಲಿ ಒಂದು ನುಗ್ಗೆ ಮರ, ಒಂದು ನೀರಿನ ತೊಟ್ಟಿ, ತಗಡಿನ ಮಾಡಿನ ಕೆಳಗೆ ಐದು ಹೇಂಟೆಗಳು. ಮಾರ್ಚ್ ತಿಂಗಳ ಒಂದು ಸಂಜೆ ಬುಟ್ಟಿಗೆ ಕೈ ಹಾಕಿದರೆ ಮೊಟ್ಟೆ ಸಿಗಲಿಲ್ಲ. ಅಂಟಂಟಾದ ಹುಲ್ಲು ಬೆರಳಿಗೆ ಮೆತ್ತಿಕೊಂಡಿತು. ಚರಂಡಿ ಪಕ್ಕದಲ್ಲೇ ಇರುವುದರಿಂದ ಮೊದಲ ಸಂಶಯ ಹೆಗ್ಗಣದ ಮೇಲೆ ಹೋಯಿತು. ಬೋನು ತಂದು, ಒಳಗೆ ಬೋಂಡಾ ಕಟ್ಟಿ ಇಟ್ಟೆ. ಮೂರು ದಿನದಲ್ಲಿ ಬೋಂಡಾ ಒಣಗಿತೇ ಹೊರತು ಹೆಗ್ಗಣ ಬೀಳಲಿಲ್ಲ.

ನಾಲ್ಕನೆಯ ದಿನ ಕೆಲಸಕ್ಕೆ ರಜೆ ಹಾಕಿ, ಕಾಫಿ ಲೋಟ ಹಿಡಿದು ಅಡುಗೆಮನೆಯ ಕಿಟಕಿಯಲ್ಲಿ ಕಾದು ಕುಳಿತೆ. ಹತ್ತು ಗಂಟೆಯ ಹೊತ್ತಿಗೆ ಕೆಂಚಿ ಬುಟ್ಟಿಯಿಂದ ಎದ್ದಿತು. ಕೆಂಚಿ ನಮ್ಮ ಸ್ವರ್ಣಧಾರ ತಳಿಯ ಕೋಳಿ. ಮೊಟ್ಟೆ ಇಟ್ಟ ಸುದ್ದಿಯನ್ನು ಇಡೀ ಕೇರಿಗೆ ಸಾರಿ, ಹಿಂದಿರುಗಿ, ತಾನಿಟ್ಟದ್ದನ್ನೇ ಕುಕ್ಕಿತು. ಉಳಿದ ನಾಲ್ಕೂ ಎಲೆ ಹಾಕಿದ ಪಂಕ್ತಿಗೆ ಬಂದಂತೆ ಓಡಿಬಂದವು. ಕೊಕ್ಕಿನ ಬುಡದಲ್ಲಿ ಹಳದಿ ಒಣಗಿತ್ತು. ಮೊದಲ ದಿನವೇ ಅದನ್ನು ನೋಡಿದ್ದರೆ ಬೋನಿನ ದುಡ್ಡು ಉಳಿಯುತ್ತಿತ್ತು. ಹೆಗ್ಗಣವಾದರೆ ಬಹಳ ಸಲ ಮೊಟ್ಟೆಯನ್ನು ಇಡಿಯಾಗಿ ಉರುಳಿಸಿಕೊಂಡು ಹೋಗುತ್ತದೆ. ಹುಲ್ಲು ಒದ್ದೆಯಾಗಿ, ಸಿಪ್ಪೆಯೂ ಉಳಿಯದೆ ಹೋದರೆ ಮನೆಯವರನ್ನೇ ಅನುಮಾನಿಸಿ.

ಈ ಚಟ ಹುಟ್ಟುವುದು ಹೆಚ್ಚಾಗಿ ಆಕಸ್ಮಿಕವಾಗಿ. ಸಿಪ್ಪೆ ತೆಳುವಾದ ಒಂದು ಮೊಟ್ಟೆ ಕಾಲಡಿ ಒಡೆಯುತ್ತದೆ, ಕೋಳಿ ರುಚಿ ನೋಡುತ್ತದೆ. ಆಮೇಲೆ ಒಡೆದದ್ದಕ್ಕೆ ಕಾಯುವುದಿಲ್ಲ, ತಾನೇ ಒಡೆಯುತ್ತದೆ. ಒಂದು ಮಾಡಿದ್ದನ್ನು ನೋಡಿ ಇನ್ನೊಂದು ಕಲಿಯುತ್ತದೆ. ಹಾಗಾಗಿ ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ, ನನ್ನ ಕೋಳಿಯ ಮೊಟ್ಟೆ ಅಷ್ಟು ಸುಲಭವಾಗಿ ಒಡೆದದ್ದೇಕೆ ಎಂಬುದು.

ಉತ್ತರ ನನ್ನ ಅಡುಗೆಮನೆಯಲ್ಲೇ ಇತ್ತು. ರಾತ್ರಿ ಉಳಿದ ಅನ್ನ, ತರಕಾರಿ ಸಿಪ್ಪೆ, ಮೇಲೊಂದು ಹಿಡಿ ರಾಗಿ: ಇದೇ ನಮ್ಮ ಕೋಳಿಗಳ ಊಟವಾಗಿತ್ತು. ರಾಗಿ ಹಾಕುತ್ತಿದ್ದೇನಲ್ಲ, ಕ್ಯಾಲ್ಸಿಯಂ ಧಾರಾಳ ಎಂಬ ಧೈರ್ಯ ಬೇರೆ. ಲೆಕ್ಕ ಹಾಕಿದ ಮೇಲೆ ಆ ಧೈರ್ಯ ಕರಗಿತು. ಒಂದು ಮೊಟ್ಟೆಯ ಸಿಪ್ಪೆಯಲ್ಲೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ ಸುಮಾರು 4 ಗ್ರಾಂ ಬೇಕು. 100 ಗ್ರಾಂ ರಾಗಿಯಲ್ಲಿರುವುದು ಸುಮಾರು 350 ಮಿಲಿಗ್ರಾಂ. ಅಂದರೆ ರಾಗಿಯಿಂದಲೇ ಪೂರೈಸಲು ಕೋಳಿ ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು ತಿನ್ನಬೇಕು! ಅದು ತಿನ್ನುವ ಒಟ್ಟು ಆಹಾರವೇ ನೂರು, ನೂರಿಪ್ಪತ್ತು ಗ್ರಾಂ. ಮನುಷ್ಯರ ಮುದ್ದೆಗೆ ಒಪ್ಪುವ ಮಾತು ಕೋಳಿಗೆ ಒಪ್ಪಲಿಲ್ಲ.

ಅನ್ನದ ತಪ್ಪು ಇನ್ನೂ ದೊಡ್ಡದು. ಅದು ಹೊಟ್ಟೆ ತುಂಬಿಸಿಬಿಡುತ್ತದೆ, ಪ್ರೋಟೀನಿಗೆ ಜಾಗವೇ ಉಳಿಯುವುದಿಲ್ಲ. ಮೊಟ್ಟೆಕೋಳಿಯ ಆಹಾರದಲ್ಲಿ ಪ್ರೋಟೀನ್ ಶೇಕಡಾ 16ರಿಂದ 18ರಷ್ಟಿರಬೇಕು. ಅಂಗಡಿಯಲ್ಲಿ ಮೊಟ್ಟೆಕೋಳಿಯ ಫೀಡ್ ಎಂದೇ ಕೇಳಿ. ಮಾಂಸದ ಕೋಳಿಯದು ಬೇರೆ, ಅದರಲ್ಲಿ ಕ್ಯಾಲ್ಸಿಯಂ ಕಡಿಮೆ. ಜೊತೆಗೆ ಕಪ್ಪೆಚಿಪ್ಪಿನ ಚೂರನ್ನೋ ಸುಣ್ಣಕಲ್ಲಿನ ತರಿಯನ್ನೋ ಬೇರೆ ಬಟ್ಟಲಲ್ಲಿ ಇಡಿ. ಬೇಕಾದ ಕೋಳಿ ಬೇಕಾದಷ್ಟು ಹೆಕ್ಕಿಕೊಳ್ಳುತ್ತದೆ. ಇನ್ನೂ ಮೊಟ್ಟೆಗೆ ಬಾರದ ಮರಿಗಳಿಗೆ ಅತಿಯಾದ ಕ್ಯಾಲ್ಸಿಯಂ ಮೂತ್ರಪಿಂಡಕ್ಕೆ ಕೇಡು, ಅದಕ್ಕೇ ಬೇರೆ ಬಟ್ಟಲು. ಸಿಪ್ಪೆ ಕಟ್ಟುವ ಕೆಲಸಕ್ಕೆ ಸುಮಾರು 20 ಗಂಟೆ ಹಿಡಿಯುತ್ತದೆ, ಅದರ ಬಹುಪಾಲು ರಾತ್ರಿಯಲ್ಲಿ ನಡೆಯುತ್ತದೆ. ಆದ್ದರಿಂದ ಸಂಜೆ ಬಟ್ಟಲು ಬರಿದಾಗಿರದಂತೆ ನೋಡಿಕೊಳ್ಳಿ. ಎಲೆ ಅಡಿಕೆಯ ಸುಣ್ಣ ಹಾಕಿದರೆ ಸಾಲದೇ ಎಂದು ಪಕ್ಕದ ಮನೆಯ ಅಜ್ಜಿ ಕೇಳಿದರು. ಖಂಡಿತ ಬೇಡ, ಅದು ಬಾಯಿ ಸುಡುತ್ತದೆ. ಅಡುಗೆಮನೆಯ ಮೊಟ್ಟೆ ಸಿಪ್ಪೆಯನ್ನು ಹಾಕಬಹುದು, ಆದರೆ ಕಾಯಿಸಿ ಒಣಗಿಸಿ, ಗುರುತೇ ಸಿಗದಂತೆ ಪುಡಿ ಮಾಡಿ.

ಮಾರ್ಚ್ ಎಂದೆನಲ್ಲ, ಅದಕ್ಕೂ ಕಾರಣವಿದೆ. ತಗಡಿನ ಕೆಳಗೆ ಬಿಸಿಲಿನ ಝಳಕ್ಕೆ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಆಗ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ, ಸಿಪ್ಪೆಗೆ ಬೇಕಾದ ಕಾರ್ಬೊನೇಟ್ ಕೊರೆಯಾಗುತ್ತದೆ. ಮೇಲಾಗಿ ಸೆಕೆಗೆ ಅದು ತಿನ್ನುವುದೂ ಕಡಿಮೆ. ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದೆ, ನೀರನ್ನು ನೆರಳಿಗೆ ಸರಿಸಿದೆ.

ಇನ್ನು ಜನರು ಹೇಳಿದ ಔಷಧಗಳು. ಮೊಟ್ಟೆಗೆ ತೂತು ಕೊರೆದು ಖಾರದ ಪುಡಿ ತುಂಬಿಡಿ ಎಂದು ಕನಿಷ್ಠ ನಾಲ್ಕು ಜನ ಹೇಳಿದರು. ಬ್ಯಾಡಗಿ, ಗುಂಟೂರು ಎರಡನ್ನೂ ತುಂಬಿಸಿ ನೋಡಿದೆ. ಕೆಂಚಿ ಒಗ್ಗರಣೆ ಸಿಕ್ಕ ಸಂತೋಷದಲ್ಲಿ ತಿಂದು ಮುಗಿಸಿತು. ಮೆಣಸಿನಕಾಯಿಯ ಖಾರವನ್ನು ನಮ್ಮ ನಾಲಿಗೆ ಅರಿಯುವಂತೆ ಹಕ್ಕಿಗಳ ಬಾಯಿ ಅರಿಯುವುದಿಲ್ಲ. ಗಿಳಿ ಹಸಿಮೆಣಸು ತಿನ್ನುವುದನ್ನು ನೋಡಿಯೂ ನನಗೆ ಹೊಳೆದಿರಲಿಲ್ಲ.

ಕೆಲಸಕ್ಕೆ ಬಂದದ್ದು ಚನ್ನಪಟ್ಟಣದಿಂದ ತಂದ ಮರದ ಮೊಟ್ಟೆ. ಬುಟ್ಟಿಗೆ ಎರಡೆರಡು ಇಟ್ಟೆ. ಕುಕ್ಕಿದರೆ ಒಡೆಯದು, ರುಚಿಯೂ ಇಲ್ಲ. ಕುಕ್ಕಿ ಕುಕ್ಕಿ ಬೇಸರಪಟ್ಟವು. ಜೊತೆಗೆ ಬುಟ್ಟಿಗಳನ್ನು ಬೆಳಕಿನಿಂದ ಮೂಲೆಯ ಕತ್ತಲೆಗೆ ಸರಿಸಿ, ಹಳೆಯ ಗೋಣಿಯ ಪರದೆ ಬಿಟ್ಟೆ. ಒಳಗಿರುವುದು ಕಾಣದಿದ್ದರೆ ಕೊಕ್ಕಿಗೆ ಕೆಲಸವಿಲ್ಲ. ಐದು ಕೋಳಿಗೆ ಒಂದೇ ಬುಟ್ಟಿಯಿತ್ತು, ಎರಡು ಮಾಡಿದೆ. ನೂಕುನುಗ್ಗಲಿನಲ್ಲಿ ಒಡೆಯುವುದು ತಪ್ಪಿತು. ಹುಲ್ಲನ್ನು ದಪ್ಪಗೆ ಹಾಸಿದೆ.

ಇಷ್ಟೆಲ್ಲ ಮಾಡಿದರೂ ಒಂದು ತೊಡಕು ಉಳಿಯಿತು. ಕೋಳಿ ಹೆಚ್ಚಾಗಿ ಮೊಟ್ಟೆ ಇಡುವುದು ಬೆಳಗಿನ ಹೊತ್ತು. ನಾನು ಎಂಟಕ್ಕೆ ಮನೆ ಬಿಟ್ಟು ಮೈಸೂರು ರಸ್ತೆಯ ಟ್ರಾಫಿಕ್ ದಾಟಿ ಮರಳುವಾಗ ಸಂಜೆ ಏಳು. ಅಷ್ಟು ಹೊತ್ತು ಮೊಟ್ಟೆ ಬಿದ್ದಿದ್ದರೆ ಸಾಧು ಕೋಳಿಗೂ ಆಸೆ ಹುಟ್ಟುತ್ತದೆ. ಕೊನೆಗೆ ಬಡಗಿಯೊಬ್ಬರಿಂದ ಹಣ್ಣಿನ ಪೆಟ್ಟಿಗೆಗೆ ಇಳಿಜಾರಿನ ತಳ ಹಾಕಿಸಿದೆ. ಒಂದಡಿಗೆ ಒಂದೂವರೆ ಇಂಚಿನಷ್ಟು ಓಟ, ಮೇಲೆ ತೆಳುವಾದ ರಬ್ಬರ್ ಹಾಸು. ಕೋಳಿ ಎದ್ದ ಕೂಡಲೇ ಮೊಟ್ಟೆ ಹಿಂದಿನ ಸಂದಿಯಿಂದ ಮುಚ್ಚಿದ ತಟ್ಟೆಗೆ ಉರುಳುತ್ತದೆ. ಮೊದಲ ದಿನ ಕೋಳಿ ಹಿಂದಿರುಗಿ ನೋಡಿ ತಬ್ಬಿಬ್ಬಾದದ್ದು ನನಗೆ ಅಷ್ಟೂ ಖರ್ಚನ್ನು ಮರೆಸಿತು.

ನಾಲ್ಕು ಕೋಳಿಗಳು ಮೂರು ವಾರದಲ್ಲಿ ಸರಿಹೋದವು. ಕೆಂಚಿ ಮಾತ್ರ ಸುಧಾರಿಸಲಿಲ್ಲ. ಒಂದು ವಾರ ಬೇರೆ ಗೂಡಿನಲ್ಲಿಟ್ಟು ನೋಡಿದೆ, ಮರಳಿ ಬಿಟ್ಟ ದಿನವೇ ಪೆಟ್ಟಿಗೆಯ ಹೊರಗೆ ಮೊಟ್ಟೆ ಇಟ್ಟು ತಿಂದಿತು. ಕೊಕ್ಕು ಕತ್ತರಿಸಿ ಎಂದರು ಕೆಲವರು. ಒಂದೆರಡು ಮೊಟ್ಟೆಗಾಗಿ ಅದಕ್ಕೆ ಅಷ್ಟು ನೋವು ಕೊಡುವ ಮನಸ್ಸು ನನಗಿಲ್ಲ. ಸಾರು ಮಾಡಿ ಎಂದರು ಇನ್ನು ಕೆಲವರು. ಮಕ್ಕಳು ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಈಗ ಕೆಂಚಿ ಮಾಗಡಿ ಹತ್ತಿರ ನಮ್ಮ ಅತ್ತಿಗೆಯ ತೋಟದಲ್ಲಿದೆ. ಬೇಲಿಯ ಮರೆಯಲ್ಲಿ ಎಲ್ಲೋ ಮೊಟ್ಟೆ ಇಡುತ್ತದೆಯಂತೆ. ತಿನ್ನುತ್ತದೆಯೋ ಇಲ್ಲವೋ, ಅತ್ತಿಗೆ ಹುಡುಕಲು ಹೋಗಿಲ್ಲ.